ಹಳದಿ ಬಿಡಿ, ಕೆಂಪು ಹಸಿರು ತಗೊಳ್ಳಿ: ಮೂರು ಬಣ್ಣದ ತಗಡು ಕತ್ತರಿ ಹೇಗಿದೆ?

ಕೆಂಪು, ಹಸಿರು, ಹಳದಿ ಹಿಡಿಕೆಯ, ‘ಏವಿಯೇಷನ್’ ಎಂದು ಕರೆಯುವ ತಗಡು ಕತ್ತರಿಗಳು ಹುಬ್ಬಳ್ಳಿಯ ಹಾರ್ಡ್‌ವೇರ್ ಅಂಗಡಿಗಳಲ್ಲಿ ಬಿಡಿಯಾಗಿಯೂ ಸಿಗುತ್ತವೆ, ಮೂರರ ಸೆಟ್ಟಾಗಿಯೂ ಸಿಗುತ್ತವೆ. ಕೂಲರ್ ಬಾಡಿ, ಡಕ್ಟ್, ಮಳೆನೀರಿನ ದೋಣಿ, ಕಾಳಿನ ಡಬ್ಬಿ ಮಾಡುವವರಿಗೆ ಬಹಳ ಒಳ್ಳೆಯ ಸಾಮಾನು. ಆದರೆ ಸೆಟ್ ಬೇಡ.

ಕೆಂಪು ಎಡಕ್ಕೆ ತಿರುಗುವ ಗೆರೆಗೆ, ಹಸಿರು ಬಲಕ್ಕೆ, ಹಳದಿ ನೇರಕ್ಕೆ. ಕೆಂಪು, ಹಸಿರು ಎರಡೂ ನೇರವಾಗಿಯೂ ಕತ್ತರಿಸುತ್ತವೆ. ಹಳದಿಯ ಬಾಯಿ ಗಿಡ್ಡ. ಉದ್ದನೆಯ ಗೆರೆಗೆ ಮತ್ತೆ ಮತ್ತೆ ಕಚ್ಚಬೇಕು, ಕಚ್ಚಿದಲ್ಲೆಲ್ಲ ಗೆರೆ ಸೊಟ್ಟಗಾಗುವ ಸಂಭವ. ಆ ದುಡ್ಡಿಗೆ ಹಳೇ ಮಾದರಿಯ 12 ಇಂಚಿನ ನೇರ ಕತ್ತರಿ ತಗೊಳ್ಳುವುದು ಮೇಲು. 8 ಅಡಿ ಪತ್ರಾಸನ್ನು ಉದ್ದಕ್ಕೆ ಸೀಳುವುದಿದ್ದರೆ ಕೈಯಿಂದ ಮಾಡಲೇಬೇಡಿ, ಶಿಯರಿಂಗ್ ಮಷಿನ್ ಇರುವ ವರ್ಕ್‌ಶಾಪಿಗೆ ಕೊಡಿ.

ಈ ಕತ್ತರಿಗಳ ಮೇಲೆ ಸಾಮಾನ್ಯವಾಗಿ ‘18 ಗೇಜ್‌ವರೆಗೆ’ ಎಂದು ಬರೆದಿರುತ್ತಾರೆ. ಗೇಜ್ ಎಂದರೆ ತಗಡಿನ ದಪ್ಪದ ಅಳತೆ, ಸಂಖ್ಯೆ ಹೆಚ್ಚಿದಷ್ಟೂ ತಗಡು ತೆಳು. 18 ಗೇಜ್ ಎಂದರೆ ಸುಮಾರು 1.2 ಮಿ.ಮೀ., ಅದೂ ಮೆತ್ತನೆಯ ಉಕ್ಕಿಗೆ. ಸ್ಟೇನ್‌ಲೆಸ್ ಉಕ್ಕಾದರೆ 22 ಗೇಜಿಗಿಂತ ದಪ್ಪ ಇರಬಾರದು. ದಿನವಿಡೀ ಕೆಲಸವಿದ್ದರೆ ಜಿಐ (ಸತು ಲೇಪಿಸಿದ ಉಕ್ಕಿನ) ತಗಡಿಗೂ 22 ಗೇಜ್, ಅಂದರೆ 0.7 ಮಿ.ಮೀ., ಸರಿಯಾದ ಮಿತಿ. 20 ಗೇಜಿಗೆ ಬಂದರೆ ಕೈ ಸೋಲುತ್ತದೆ. ಬಾಯಿ ಮುರಿಯುವುದು ಹೆಚ್ಚಾಗಿ ದಪ್ಪ ತಗಡಿನಿಂದ ಅಲ್ಲ, ಜೋಡಣೆಯಿಂದ. ಎರಡು ಅಂಚು ಮಡಚಿ ಒಂದರೊಳಗೊಂದು ಸಿಕ್ಕಿಸಿ ಬಡಿದ ಕೊಂಡಿ ಜೋಡಣೆಯಲ್ಲಿ ನಾಲ್ಕು ಪದರ ಇರುತ್ತವೆ. 26 ಗೇಜಿನ ತೆಳು ತಗಡೇ ಆದರೂ 0.45ರ ನಾಲ್ಕು ಪಟ್ಟು 1.8 ಮಿ.ಮೀ. ಆಯಿತಲ್ಲ! ಅಲ್ಲಿ ಒತ್ತಿದರೆ ತುದಿಯ ಹಲ್ಲು ಚಿಪ್ಪೇಳುತ್ತದೆ. ಆದ್ದರಿಂದ ಮೂಲೆಯ ಕಚ್ಚುಗಳನ್ನೆಲ್ಲ ಮಡಚುವ ಮೊದಲೇ ತೆಗೆದುಕೊಳ್ಳಬೇಕು. 6 ಮಿ.ಮೀ. ಅಗಲದ ಜೋಡಣೆಗೆ ಒಟ್ಟು 18 ಮಿ.ಮೀ. ಹೆಚ್ಚುವರಿ ತಗಡು ಬಿಡಿ, ಎರಡೂ ಅಂಚಿಗೆ ಒಂಬತ್ತೊಂಬತ್ತು. ತಂತಿ, ಮೊಳೆ ಕತ್ತರಿಸಲು ಈ ಕತ್ತರಿಯನ್ನು ಯಾರ ಕೈಗೂ ಕೊಡಬೇಡಿ.

ಕತ್ತರಿಸುವಾಗ ಬಾಯಿಯನ್ನು ತುದಿವರೆಗೆ ಮುಚ್ಚಬಾರದು. ಮುಚ್ಚಿದರೆ ಪ್ರತಿ ಕಚ್ಚಿನ ಕೊನೆಯಲ್ಲಿ ಅಡ್ಡ ಸೀಳು ಬೀಳುತ್ತದೆ, ಅದೇ ಮುಂದೆ ಕೈ ಕೊಯ್ಯುವ ಮುಳ್ಳು. ಮುಕ್ಕಾಲು ಮುಚ್ಚಿ, ತಗಡನ್ನು ಬಾಯಿಯ ಬುಡಕ್ಕೆ ತಳ್ಳಿ, ಮತ್ತೆ ಒತ್ತಿ. ನಡುವೆ ದುಂಡನೆಯ ತೂತು ಬೇಕಿದ್ದರೆ ಗೆರೆಯ ಒಳಗೆ ಕತ್ತರಿಯ ತುದಿ ಹೋಗುವಷ್ಟು, ಸುಮಾರು 12 ಮಿ.ಮೀ., ಡ್ರಿಲ್ ಮಾಡಿ, ಅಲ್ಲಿಂದ ಸುತ್ತುತ್ತಾ ಗೆರೆಗೆ ಬನ್ನಿ.

ಇದರ ನಿಜವಾದ ಕೊರತೆ ಅಂಚಿನದು. ತಗಡು ಜಾರದಿರಲಿ ಎಂದು ಬಾಯಿಗೆ ಸಣ್ಣ ಹಲ್ಲು ಕೊಟ್ಟಿರುತ್ತಾರೆ, ಆ ಗುರುತು ಅಂಚಿನ ಮೇಲೆ ಉಳಿಯುತ್ತದೆ. ಮಡಚಿ ಒಳಗೆ ಹೋಗುವ ಅಂಚಾದರೆ ಚಿಂತೆಯಿಲ್ಲ. ಕಣ್ಣಿಗೆ ಬೀಳುವ ಅಂಚಾದರೆ ಅರ್ಧ ಮಿ.ಮೀ. ಬಿಟ್ಟು ಕತ್ತರಿಸಿ, ಅರ ಹಾಕಿ ಗೆರೆಗೆ ತನ್ನಿ.

ಕೆಲ ತಿಂಗಳಾದ ಮೇಲೆ ತೆಳು ತಗಡು ಕತ್ತರಿಸದೆ ಎರಡು ಬಾಯಿಗಳ ನಡುವೆ ಮಡಚಿಕೊಳ್ಳತೊಡಗಿದರೆ ಹರಿತ ಹೋಯಿತೆಂದು ಕತ್ತರಿ ಎಸೆಯಬೇಡಿ. ಬಹುತೇಕ ನಡುವಿನ ಬೋಲ್ಟ್ ಸಡಿಲಾಗಿರುತ್ತದೆ. ಬಾಯಿ ಅಕ್ಕಪಕ್ಕ ಅಲುಗಾಡದಷ್ಟು, ಆದರೆ ಸ್ಪ್ರಿಂಗ್ ತಾನೇ ತೆರೆಯುವಷ್ಟು ನಟ್ ಬಿಗಿ ಮಾಡಿ, ಒಂದು ಹನಿ ಎಣ್ಣೆ ಬಿಡಿ.

ಅಂಗಡಿಯಲ್ಲೇ ಈ ಬೋಲ್ಟನ್ನು ಅಲುಗಾಡಿಸಿ ನೋಡಿ. ರಿವೆಟ್ ಹೊಡೆದು ಕೂರಿಸಿದ್ದರೆ ಮುಂದೆ ಬಿಗಿ ಮಾಡಲು ಬರುವುದಿಲ್ಲ, ಅದನ್ನು ತಗೊಳ್ಳಬೇಡಿ. ನಟ್ ಇರುವುದಾದರೆ 26 ಗೇಜಿನ ಒಂದು ತುಂಡು ಕೇಳಿ, ಬಾಯಿಯ ತುದಿಯಿಂದಲೇ ಕತ್ತರಿಸಿ ಪರೀಕ್ಷಿಸಿ.