ಸೈಕಲ್ಲಿನ ಟ್ಯೂಬ್‌ಲೆಸ್ ಟೈರಿಗೆ ಕಾರಿನ ದಾರ ಹಾಕಿಸಬೇಡಿ

ಟ್ಯೂಬ್‌ಲೆಸ್ ಟೈರಿನ ಸೈಕಲ್ ಓಡಿಸುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ದಾರಿಯಲ್ಲಿ ಪಂಕ್ಚರ್ ಆಗಿ, ಕಾರು ಬೈಕುಗಳಿಗೆ ಪಂಕ್ಚರ್ ಹಾಕುವವರ ಹತ್ತಿರ ಸೈಕಲ್ ತಳ್ಳಿಕೊಂಡು ಹೋಗಿ ನಿಂತಾಗ, ತೂತು ಮುಚ್ಚಲು ಅವರು ತುರುಕುವ ಆ ದಪ್ಪ ಅಂಟುದಾರವನ್ನೂ ಅರದಂಥ ಸೂಜಿಯನ್ನೂ ನಿಮ್ಮ ಟೈರಿಗೆ ಚುಚ್ಚಲು ಬಿಡಬೇಡಿ. ನನ್ನ ಮುಂದಿನ ಚಕ್ರದ ಒಳ್ಳೆಯ ಟೈರು ಹಾಳಾದದ್ದು ಹೀಗೇ. ಟೈರು ಹೋದರೆ ಹೋಗಲಿ, ಇಳಿಜಾರಿನಲ್ಲಿ ಅದು ಕೈಕೊಟ್ಟದ್ದನ್ನು ನೆನೆದರೆ ಈಗಲೂ ಎದೆ ಝಲ್ ಅನ್ನುತ್ತದೆ.

ಟೈರಿಗೆ ಹೊಕ್ಕಿದ್ದು ಒಂದು ಗಾಜಿನ ಚೂರು. ತೂತು ಮುಚ್ಚಲೆಂದು ಟೈರಿನೊಳಗೆ ಹಾಕಿದ್ದ ಸೀಲೆಂಟ್ ದ್ರವ ಬಿಳಿ ಹಾಲಿನಂತೆ ಚಿಮ್ಮಿ ಚಿಮ್ಮಿ ಚೌಕಟ್ಟಿಗೆಲ್ಲ ಬಡಿಯಿತು, ಆದರೆ ತೂತು ಮುಚ್ಚಲಿಲ್ಲ. ಸಣ್ಣ ಮುಳ್ಳಿನ ತೂತನ್ನು ಸೀಲೆಂಟ್ ತಾನೇ ಮುಚ್ಚಿಬಿಡುತ್ತದೆ. ಗಾಜು ಕೊಯ್ದ ಸೀಳಿಗೆ ಪ್ಲಗ್ಗೇ, ಅಂದರೆ ತೂತಿಗೆ ತುರುಕುವ ಸಣ್ಣ ಅಂಟುದಾರವೇ ಬೇಕು. ನಮ್ಮ ಬಳಿ ಇದ್ದ ಸೈಕಲ್ ಪ್ಲಗ್‌ಗಳು ಅದೇ ಬೆಳಿಗ್ಗೆ ಜೊತೆಗಾರರೊಬ್ಬರ ಟೈರಿಗೆ ಖರ್ಚಾಗಿದ್ದವು. ಹಾಗಾಗಿ ರಸ್ತೆ ಬದಿಯಲ್ಲಿ ವಾಹನಗಳಿಗೆ ಪಂಕ್ಚರ್ ಹಾಕುತ್ತಿದ್ದವರ ಬಳಿ ಹೋದೆವು.

"ಇದು ಸೈಕಲ್ ಟೈರು, ತೆಳ್ಳಗಿದೆ, ಆ ದಾರ ಹಾಕಿದರೆ ತೂತು ದೊಡ್ಡದಾಗಲ್ವಾ?" ಅಂತ ಕೇಳಿದೆ. "ಟ್ಯೂಬ್‌ಲೆಸ್ ಅಂದ್ರೆ ಎಲ್ಲಾ ಒಂದೇ ಸಾರ್, ಎರಡು ನಿಮಿಷದ ಕೆಲಸ" ಅಂದರು. ಗಾಜನ್ನು ಇಕ್ಕಳದಲ್ಲಿ ಕಿತ್ತು, ಅರದ ಸೂಜಿಯನ್ನು ತೂತಿಗೆ ತುರುಕಿ, ಕಾರಿನ ಟೈರಿಗೆ ಮಾಡುವಂತೆಯೇ ಮೇಲೆ ಕೆಳಗೆ ಜೋರಾಗಿ ತಿಕ್ಕಿದರು. ಪ್ರತಿ ಎಳೆತಕ್ಕೂ ಸೂಜಿಯ ಹಲ್ಲಿಗೆ ಸಿಕ್ಕಿ ಬಿಳಿ ನೂಲಿನ ಎಳೆಗಳು ಹೊರಗೆ ಬರುತ್ತಿದ್ದವು. ಅದು ರಬ್ಬರಿನ ಪುಡಿಯಲ್ಲ, ಟೈರಿನ ಒಳಬಟ್ಟೆ. "ಸಾಕು, ನಿಲ್ಲಿಸಿ" ಅನ್ನುವಷ್ಟರಲ್ಲಿ ದಾರವನ್ನೂ ತುರುಕಿಯಾಗಿತ್ತು. ಆಮೇಲೆ ಕಂಪ್ರೆಸರ್ ಹಚ್ಚಿ, ಮೀಟರಿನ ಕಡೆ ನೋಡದೆ, ಹೆಬ್ಬೆರಳಲ್ಲಿ ಒತ್ತಿ ನೋಡಿಕೊಂಡೇ ಗಾಳಿ ತುಂಬಿದರು.

ಗಾಳಿ ನಿಂತಿತು. ಬಲವಾಗಿಯೇ ನಿಂತಿತು. ಈ ಕೆಲಸ ಮೋಸ ಮಾಡುವುದೇ ಇಲ್ಲಿ: ಹಾಕಿದ ಕೂಡಲೇ ಎಲ್ಲ ಸರಿಯಾಗಿರುವಂತೆ ಕಾಣುತ್ತದೆ. ಸಮತಟ್ಟು ರಸ್ತೆಯಲ್ಲಿ ಏನೂ ಗೊತ್ತಾಗಲಿಲ್ಲ. ಇಳಿಜಾರಿನಲ್ಲಿ ವೇಗ ಹಿಡಿದಾಗ ಹ್ಯಾಂಡಲ್ ಒಂದೇ ಸಮನೆ ಸಣ್ಣಗೆ ಕುಪ್ಪಳಿಸತೊಡಗಿತು. ಚಕ್ರ ಒಂದೊಂದು ಸುತ್ತು ತಿರುಗಿದಾಗಲೂ ಒಂದೊಂದು ಏಟು. ಬ್ರೇಕ್ ಹಿಡಿದು ವೇಗ ಇಳಿಸುತ್ತಿದ್ದಂತೆ ಟಪ್ಪೆಂದು ದಾರ ಹಾರಿಹೋಗಿ ಒಂದೇ ಉಸಿರಿಗೆ ಗಾಳಿಯೆಲ್ಲ ಖಾಲಿ. ಮುಂದಿನ ಚಕ್ರ ರಿಮ್ಮಿನ ಮೇಲೆ ಕೂತು ಅಡ್ಡಡ್ಡ ಎಳೆಯಿತು. ರಸ್ತೆಯಂಚಿನ ಮಣ್ಣಿಗೆ ಇಳಿದು ನಿಂತೆ. ಹಿಂದೆ ವಾಹನ ಇರಲಿಲ್ಲ, ತಿರುವು ಇನ್ನೂ ದೂರವಿತ್ತು. ಇವೆರಡರಲ್ಲಿ ಒಂದು ತಪ್ಪಿದ್ದರೂ ಈ ಬರಹ ಬೇರೆ ಯಾರಾದರೂ ಬರೆಯಬೇಕಾಗುತ್ತಿತ್ತು.

ಟೈರು ಬಿಚ್ಚಿ ಒಳಮೈ ತಿರುಗಿಸಿ ನೋಡಿದಾಗ ಕಾರಣ ಕಣ್ಣಿಗೇ ಕಂಡಿತು. ಗಾಜು ಮಾಡಿದ್ದು ಅಕ್ಕಿಕಾಳಿನಷ್ಟು ಸೀಳು. ಈಗ ಅಲ್ಲಿ ಕಿರುಬೆರಳಿನ ತುದಿ ತೂರುವಷ್ಟು ತೂತು, ಸುತ್ತಲೂ ಹರಿದ ನೂಲಿನ ಕುಚ್ಚು. ಗಾಳಿಯ ಒತ್ತಡಕ್ಕೆ ಆ ಜಾಗ ಹೊರಗೆ ಉಬ್ಬಿತ್ತು. ಹ್ಯಾಂಡಲ್‌ಗೆ ತಾಕುತ್ತಿದ್ದ ಏಟು ಆ ಉಬ್ಬಿನದು.

ಕಾರಿನ ಟೈರು ತಡೆದುಕೊಳ್ಳುವುದನ್ನು ಸೈಕಲ್ ಟೈರು ಯಾಕೆ ತಡೆದುಕೊಳ್ಳುವುದಿಲ್ಲ? ಕಾರಿನ ಟೈರಿನಲ್ಲಿ ನೆಲಕ್ಕೆ ತಾಗುವ ಭಾಗ ಬೆರಳಿನಷ್ಟು ದಪ್ಪ, ಒಳಗೆ ಉಕ್ಕಿನ ತಂತಿಯ ಪಟ್ಟಿ ಇರುತ್ತದೆ. ಅರದಲ್ಲಿ ತಿಕ್ಕದಿದ್ದರೆ ದಾರ ಒಳಗೆ ಹೋಗುವುದೇ ಇಲ್ಲ, ಹೋದ ಮೇಲೆ ಅಷ್ಟು ದಪ್ಪ ರಬ್ಬರು ಅದನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ಸೈಕಲ್ ಟೈರಿನಲ್ಲಿ ದಾರವನ್ನು ಹಿಡಿಯಲು ಇರುವುದೇ ಕೆಲವೇ ಮಿಲಿಮೀಟರ್. ಅದರ ಶಕ್ತಿಯೆಲ್ಲ ನೈಲಾನ್ ನೂಲಿನ ಬಟ್ಟೆಯಲ್ಲಿದೆ. ನೂಲು ಕತ್ತರಿಸಿತೆಂದರೆ ಮೇಲಿನ ರಬ್ಬರು ಗಾಳಿಯನ್ನು ತಡೆಯಲಾರದು, ಬರೀ ಹಿಗ್ಗುತ್ತದೆ. ಸೈಕಲ್ಲಿಗೆಂದೇ ಮಾಡಿದ ಪ್ಲಗ್‌ಗಳು ಸುಮಾರು 1.5 ರಿಂದ 3.5 ಮಿ.ಮೀ. ದಪ್ಪ ಇರುತ್ತವೆ. ವಾಹನದ ದಾರ ಅದಕ್ಕಿಂತ ಎಷ್ಟೋ ದಪ್ಪ, ಅದನ್ನು ಸೂಜಿಗೆ ಮಡಚಿ ಬೇರೆ ಹಾಕುತ್ತಾರೆ.

ಕಂಪ್ರೆಸರ್‌ನದು ಇದಕ್ಕಿಂತ ದೊಡ್ಡ ಅಪಾಯ. ಸೈಕಲ್ ಟೈರಿನೊಳಗೆ ಜಾಗ ಕಡಿಮೆ, ಹಾಗಾಗಿ ಒತ್ತಡ ಕಣ್ಣು ಮಿಟುಕಿಸುವಷ್ಟರಲ್ಲಿ ಏರಿಬಿಡುತ್ತದೆ. ಈಚಿನ ಎಷ್ಟೋ ರಿಮ್‌ಗಳಲ್ಲಿ ಟೈರಿನ ಅಂಚನ್ನು ಹಿಡಿಯುವ ಕೊಕ್ಕೆಯೇ ಇರುವುದಿಲ್ಲ. ಹುಕ್‌ಲೆಸ್ ಅನ್ನುವುದು ಇವನ್ನೇ. ಇವುಗಳಿಗೆ 5 ಬಾರ್, ಅಂದರೆ 72.5 ಪಿಎಸ್‌ಐ ಗರಿಷ್ಠ ಮಿತಿ. ಅಗಲ ಟೈರುಗಳಿಗೆ ಮಿತಿ ಅದಕ್ಕಿಂತಲೂ ಕಡಿಮೆ. ಮಿತಿ ಮೀರಿದರೆ ಟೈರು ರಿಮ್ಮಿನಿಂದ ಸಿಡಿದು ಹೊರಬೀಳಬಹುದು, ಅದೂ ನೀವು ಸವಾರಿ ಮಾಡುತ್ತಿರುವಾಗ. ಟೈರಿನ ಮೇಲೊಂದು, ರಿಮ್ಮಿನ ಮೇಲೊಂದು ಅಂಕಿ ಬರೆದಿದ್ದರೆ ಕಡಿಮೆ ಇರುವ ಅಂಕಿಯೇ ನಿಮ್ಮ ಮಿತಿ. ಕಂಪ್ರೆಸರ್ ಬಿಟ್ಟು ಬೇರೆ ದಾರಿಯೇ ಇಲ್ಲದಿದ್ದರೆ ತುಸುತುಸುವೇ ಬಿಡಿಸಿ, ಪ್ರತಿ ಸಲವೂ ಮೀಟರ್ ನೋಡಿ.

ನನ್ನ ಕಷ್ಟ ಅಲ್ಲಿಗೂ ಮುಗಿಯಲಿಲ್ಲ. ಮುಂದೆ ಸಿಕ್ಕ ಇನ್ನೊಬ್ಬರು ಟ್ಯೂಬ್ ಹಾಕಿಕೊಡುತ್ತೇನೆಂದು ಸ್ಕ್ರೂ ಡ್ರೈವರ್ ತೂರಿಸಿ ಟೈರು ಎಬ್ಬಿಸಿದರು. ಅದರ ಮೊನೆ ರಿಮ್ ಟೇಪನ್ನು ಸೀಳಿತು. ಟ್ಯೂಬ್‌ಲೆಸ್ ಚಕ್ರದಲ್ಲಿ ಕಡ್ಡಿಗಳ ತೂತುಗಳಿಂದ ಗಾಳಿ ಹೋಗದಂತೆ ತಡೆಯುವುದೇ ಆ ಟೇಪು. ಅದು ಸೀಳಿದ್ದು ಟ್ಯೂಬ್ ಇರುವಷ್ಟು ದಿನ ಗೊತ್ತಾಗಲಿಲ್ಲ. ಹೊಸ ಟ್ಯೂಬ್‌ಲೆಸ್ ಟೈರು ಹಾಕಿದ ಮೇಲೆ ಟೈರಿನಲ್ಲಿ ಎಲ್ಲೂ ತೂತಿಲ್ಲ, ಆದರೂ ಬೆಳಗಾದರೆ ಗಾಳಿ ಇಲ್ಲ. ಸೋಪಿನ ನೀರು ಹಚ್ಚಿ ನೋಡಿದರೆ ಕಡ್ಡಿಯ ಬುಡದಲ್ಲಿ ಗುಳ್ಳೆ! ಟೈರು ಕೈಯಲ್ಲಿ ಬಿಡಿಸಲಾಗದಿದ್ದರೆ ಪ್ಲಾಸ್ಟಿಕ್ ಲಿವರ್ ಮಾತ್ರ ಬಳಸಿ.

ಹಾಗಾದರೆ ದಾರಿಯಲ್ಲಿ ಏನು ಮಾಡಬೇಕು? ಮೊದಲಿಗೆ, ಚುಚ್ಚಿದ್ದನ್ನು ತಕ್ಷಣ ಕೀಳಬೇಡಿ. ಗಾಳಿ ನಿಧಾನಕ್ಕೆ ಹೋಗುತ್ತಿದ್ದರೆ ತೂತು ಕೆಳಗೆ ಬರುವಂತೆ ಚಕ್ರ ತಿರುಗಿಸಿ ನಿಲ್ಲಿಸಿ, ಸೀಲೆಂಟ್ ಅಲ್ಲಿ ಬಂದು ಸೇರಲಿ. ನಿಲ್ಲದಿದ್ದರೆ ಸೂಜಿಗೆ ಪ್ಲಗ್ ಪೋಣಿಸಿ ಸಿದ್ಧ ಮಾಡಿಕೊಂಡು, ಆಮೇಲೆ ಗಾಜೋ ಮೊಳೆಯೋ ತೆಗೆದು ಕೂಡಲೇ ಪ್ಲಗ್ ಒತ್ತಿ. ತೂತನ್ನು ಅರದಲ್ಲಿ ಅಗಲ ಮಾಡುವ ಕೆಲಸ ಬೇಡ. ಪ್ಲಗ್‌ನ ಬಾಲ ಅರ್ಧ ಸೆಂಟಿಮೀಟರಿನಷ್ಟು ಹೊರಗಿರುವಾಗಲೇ ಸೂಜಿಯನ್ನು ನೇರವಾಗಿ ಎಳೆದುಕೊಳ್ಳಿ. ಗಾಳಿ ತುಂಬಿ ಚಕ್ರ ತಿರುಗಿಸಿದರೆ ಉಳಿದ ಸಂದನ್ನು ಸೀಲೆಂಟ್ ಮುಚ್ಚುತ್ತದೆ. ಆದರೆ ಸೀಲೆಂಟ್ ಹಸಿಯಾಗಿದ್ದರೆ ಮಾತ್ರ. ಬಿಸಿಲು, ಬಳಕೆ ನೋಡಿಕೊಂಡು ಎರಡರಿಂದ ಆರು ತಿಂಗಳಲ್ಲಿ ಅದು ಒಣಗಿ ರಬ್ಬರಿನ ಸಿಪ್ಪೆಯಾಗುತ್ತದೆ. ವಾಹನಗಳ ಸೀಲೆಂಟನ್ನು ಅದರ ಜೊತೆ ಬೆರೆಸಲೂ ಬಿಡಬೇಡಿ. ಹೊಂದದಿದ್ದರೆ ಎರಡೂ ಒಡೆದು ಗಡ್ಡೆಗಟ್ಟುತ್ತವೆ.

ಪಕ್ಕದ ಗೋಡೆ ಸೀಳಿದ್ದರೆ ಪ್ಲಗ್ ನಂಬಿ ದೂರ ಹೋಗಬೇಡಿ. ಒಳಗಿನಿಂದ ಹಳೆ ಟೈರಿನ ತುಂಡು ಇಟ್ಟು ಟ್ಯೂಬ್ ಹಾಕಿ ಮನೆ ಸೇರಿ. ಟ್ಯೂಬ್ ಹಾಕುವ ಮುಂಚೆ ಟ್ಯೂಬ್‌ಲೆಸ್ ವಾಲ್ವ್ ಬಿಚ್ಚಬೇಕು, ಒಳಮೈಯನ್ನು ಬಟ್ಟೆಯಿಂದ ಹುಷಾರಾಗಿ ಸವರಿ ನೋಡಬೇಕು. ಸೀಲೆಂಟ್ ಮುಚ್ಚಿಟ್ಟ ಹಳೆಯ ಮುಳ್ಳುಗಳು ಅಲ್ಲೇ ಇರುತ್ತವೆ, ಹೊಸ ಟ್ಯೂಬನ್ನು ಕೂಡಲೇ ಚುಚ್ಚುತ್ತವೆ. ನನ್ನ ಟೈರಿನಲ್ಲೂ ಅಂಥದೊಂದು ಸಿಕ್ಕಿತು.

ದೊಡ್ಡ ತೂತಿಗೆ ಹಾಕಿದ ಪ್ಲಗ್ ಮೇಲೆ ಭರವಸೆ ಇಲ್ಲದಿದ್ದರೆ ಒಳಗಿನಿಂದ ತೇಪೆ ಹಾಕಿಸಿ. ಸೀಲೆಂಟ್ ಪೂರ್ತಿ ಒರೆಸಿ, ಒಣಗಿಸಿ, ಉಜ್ಜುಕಾಗದದಲ್ಲಿ ಹಗುರವಾಗಿ ತಿಕ್ಕಿ, ಸೊಲ್ಯೂಷನ್ ಹಚ್ಚಿ, ಅದರ ಹಸಿ ಆರಿದ ಮೇಲೆ ತೇಪೆ ಒತ್ತಬೇಕು. ಸೀಲೆಂಟಿನ ಪಸೆ ಉಳಿದರೆ ತೇಪೆ ಹಿಡಿಯುವುದಿಲ್ಲ.

ಈಗಾಗಲೇ ಯಾರಾದರೂ ನಿಮ್ಮ ಟೈರಿಗೆ ಕಾರಿನ ದಾರ ಹಾಕಿದ್ದರೆ, ಇವತ್ತೇ ಚಕ್ರ ಎತ್ತಿ ನಿಧಾನಕ್ಕೆ ತಿರುಗಿಸಿ, ದಾರ ಇರುವ ಜಾಗವನ್ನು ಬೆಳಕಿಗೆ ಅಡ್ಡ ಹಿಡಿದು ನೋಡಿ. ಅಲ್ಲಿ ಉಬ್ಬು ಕಂಡರೆ, ನೂಲಿನ ಎಳೆ ಕಂಡರೆ, ಗಾಳಿ ಎಷ್ಟೇ ಗಟ್ಟಿಯಾಗಿ ನಿಂತಿದ್ದರೂ ಆ ಟೈರು ಕಳಚಿಬಿಡಿ. ಹಿಂದಿನ ಚಕ್ರಕ್ಕೂ ಹಾಕಬೇಡಿ, ಬೇರೆಯವರಿಗೂ ಕೊಡಬೇಡಿ.