ಕಾಲಿಗೆ ಅವರು ಹೊಣೆ, ಸೊಂಟಕ್ಕೆ ನಾನು: ದಾವಣಗೆರೆಯ ಬೆನ್ನುಮೂಳೆ ವೈದ್ಯರೊಬ್ಬರ ಬಗ್ಗೆ, 2017ರಿಂದ ಇಲ್ಲಿಯವರೆಗೆ

ದಾವಣಗೆರೆಯಲ್ಲಿ ಒಳ್ಳೆಯ ಬೆನ್ನುಮೂಳೆ ವೈದ್ಯರು ಯಾರಿದ್ದಾರೆ ಎಂದು ಕೇಳಿಕೊಂಡು ನನ್ನ ಅಂಗಡಿಗೆ ಆಗಾಗ ಜನ ಬರುತ್ತಾರೆ. ಬಟ್ಟೆ ಕೊಳ್ಳುತ್ತಾರೋ ಬಿಡುತ್ತಾರೋ, ಎಂಆರ್‌ಐ ಫಿಲ್ಮಿನ ದೊಡ್ಡ ಕವರಂತೂ ಕಂಕುಳಲ್ಲಿ ಇರುತ್ತದೆ. ಒಬ್ಬೊಬ್ಬರಿಗೂ ಮೊದಲಿನಿಂದ ಹೇಳಿ ಸಾಕಾಗಿ ಬರೆದೇ ಬಿಡುತ್ತಿದ್ದೇನೆ. ವೈದ್ಯರ ಹೆಸರನ್ನಾಗಲಿ ಆಸ್ಪತ್ರೆಯ ಹೆಸರನ್ನಾಗಲಿ ಹಾಕುವುದಿಲ್ಲ, ಏಕೆಂದರೆ ಮುಂದೆ ಹೊಗಳಿಕೆಯ ಜೊತೆಗೆ ಬೈಗುಳವೂ ಇದೆ. ಬೆನ್ನಿನ ವೈದ್ಯರಲ್ಲಿ ಏನನ್ನು ನೋಡಬೇಕು ಎಂಬುದು ಗೊತ್ತಾದರೆ ಹೆಸರು ಹುಡುಕಿಕೊಳ್ಳುವುದು ಕಷ್ಟವಲ್ಲ.

ನನ್ನದು ಚೌಕಿಪೇಟೆಯಲ್ಲಿ ಸೀರೆ ವ್ಯಾಪಾರ. ಬೆಳಿಗ್ಗೆಯಿಂದ ರಾತ್ರಿಯವರೆಗೆ ಗಾದಿಯ ಮೇಲೆ ಚಕ್ಕಳಮಕ್ಕಳ ಕೂರುವುದು, ಬಗ್ಗಿ ಸೀರೆ ಹರಡುವುದು, ಮತ್ತೆ ಬಗ್ಗಿ ಮಡಿಸುವುದು. ಸೊಂಟನೋವು ಈ ವ್ಯಾಪಾರದವರಿಗೆಲ್ಲ ಇದ್ದದ್ದೇ ಎಂದು ವರ್ಷಗಟ್ಟಲೆ ಬೆಲ್ಟ್ ಕಟ್ಟಿಕೊಂಡು ಕಾಲ ಹಾಕಿದ್ದೆ. 2017ರ ದಸರಾ ಮುಂಚಿನ ಗಡಿಬಿಡಿಯಲ್ಲಿ ಒಂದು ಬೇಲು ಎತ್ತಿದ ಮೇಲೆ ನೋವು ಸೊಂಟ ಬಿಟ್ಟು ಕಾಲಿಗೆ ಇಳಿಯಿತು. ಎಡ ಪೃಷ್ಠದಿಂದ ತೊಡೆಯ ಹೊರಬದಿ, ಮೀನಖಂಡದ ಪಕ್ಕ, ಅಲ್ಲಿಂದ ಪಾದದ ಮೇಲೆ ಹಾದು ಹೆಬ್ಬೆರಳಿನವರೆಗೆ. ಕೆಮ್ಮಿದರೆ ಕರೆಂಟ್ ಹೊಡೆದ ಹಾಗೆ. ನೀವಿಸಿಕೊಂಡದ್ದಾಯಿತು, ಎಣ್ಣೆ ಹಚ್ಚಿಸಿಕೊಂಡದ್ದಾಯಿತು. ಕೊನೆಗೆ ಬೇರೊಂದು ಊರಿನ ದೊಡ್ಡ ಆಸ್ಪತ್ರೆಯಲ್ಲಿ ಎಂಆರ್‌ಐ ಮಾಡಿಸಿದಾಗ ಎರಡು ಕಡೆ ಡಿಸ್ಕ್ (ಬೆನ್ನಿನ ಮಣಿಗಳ ನಡುವಿನ ಮೆತ್ತೆ) ಉಬ್ಬಿದೆ, ಸ್ಕ್ರೂ–ರಾಡ್ ಹಾಕಬೇಕು, ತಡ ಮಾಡಿದರೆ ಕಾಲು ಹೋಗುತ್ತದೆ ಎಂದರು. ನನ್ನ ಅಂಗಿ ಬಿಚ್ಚಿಸಿದವರಿಲ್ಲ, ಕಾಲು ಮುಟ್ಟಿದವರಿಲ್ಲ. ಫಿಲ್ಮ್ ನೋಡಿ ಹೇಳಿದ ಮಾತು ಅದು.

ಆಮೇಲೆ ತೋರಿಸಿದ ದಾವಣಗೆರೆಯ ಈ ವೈದ್ಯರು ಕವರ್ ತೆಗೆದುಕೊಂಡವರೇ ಬಿಚ್ಚದೆ ಮೇಜಿನ ಪಕ್ಕಕ್ಕೆ ಇಟ್ಟರು. ಚಪ್ಪಲಿ ಬಿಡಿಸಿ ಹಿಮ್ಮಡಿಯ ಮೇಲೆ ನಾಲ್ಕು ಹೆಜ್ಜೆ, ತುದಿಗಾಲಿನ ಮೇಲೆ ನಾಲ್ಕು ಹೆಜ್ಜೆ ನಡೆಸಿದರು. ಮಲಗಿಸಿ, ಮಂಡಿ ಮಡಿಸದೆ ಕಾಲನ್ನು ಮೆಲ್ಲಗೆ ಮೇಲೆತ್ತುತ್ತಾ ಎಲ್ಲಿ ನೋವು ಶುರುವಾಗುತ್ತದೆ ಎಂದು ನನ್ನ ಬಾಯಿಗಿಂತ ಮುಖವನ್ನೇ ಹೆಚ್ಚು ನೋಡಿದರು. ಆಮೇಲೆ ಎರಡೂ ಹೆಬ್ಬೆರಳುಗಳನ್ನು ಮೇಲಕ್ಕೆ ಸೆಟೆದು ಹಿಡಿಯಲು ಹೇಳಿ ತಮ್ಮ ಹೆಬ್ಬೆರಳುಗಳಿಂದ ಕೆಳಕ್ಕೆ ಒತ್ತಿದರು. ಬಲಗಾಲಿನದು ಜಗ್ಗಲಿಲ್ಲ. ಎಡಗಾಲಿನದು ನಾನು ಎಷ್ಟು ಬಿಗಿ ಹಿಡಿದರೂ ಸುಮ್ಮನೆ ಬಾಗಿಹೋಯಿತು. ಅಲ್ಲಿಯವರೆಗೆ ಅದು ನನಗೇ ಗೊತ್ತಿರಲಿಲ್ಲ. 'ಎಲ್4–ಎಲ್5, ಎಡಗಡೆ' ಎಂದು, ಅಂದರೆ ಸೊಂಟದ ನಾಲ್ಕನೆಯ ಮತ್ತು ಐದನೆಯ ಮಣಿಗಳ ನಡುವೆ ಎಂದು, ಚೀಟಿಯಲ್ಲಿ ಬರೆದುಕೊಂಡು, ಆಮೇಲೆಯೇ ಫಿಲ್ಮ್ ತೆಗೆದು ದೀಪದ ಮುಂದೆ ಹಿಡಿದರು. ಅದರಲ್ಲೂ ಅದೇ ಇತ್ತು. ಎರಡನೆಯ ಉಬ್ಬಿನ ಗತಿ ಏನು ಎಂದು ಕೇಳಿದೆ. 1994ರಲ್ಲಿ ಅಮೆರಿಕದಲ್ಲಿ ಬೆನ್ನುನೋವೇ ಇಲ್ಲದ 98 ಜನರ ಎಂಆರ್‌ಐ ತೆಗೆದು ನೋಡಿದಾಗ ಅರ್ಧಕ್ಕಿಂತ ಹೆಚ್ಚು ಜನರಲ್ಲಿ ಡಿಸ್ಕ್ ಉಬ್ಬಿತ್ತಂತೆ. 'ನಿಮ್ಮ ಎರಡನೆಯದು ಆ ಜಾತಿಯದು, ಅದನ್ನು ಮುಟ್ಟುವ ಅಗತ್ಯವಿಲ್ಲ' ಎಂದರು.

ಇವರ ವೃತ್ತಿಯ ಹಾದಿ ತಿಳಿದದ್ದು ವಾರ್ಡಿನ ಹಳೆಯ ನರ್ಸ್ ಒಬ್ಬರಿಂದ. 1965ರಲ್ಲಿ ಜೆಜೆಎಂ ಮೆಡಿಕಲ್ ಕಾಲೇಜು ಆರಂಭವಾದ ಊರಿನಲ್ಲಿ ವೈದ್ಯರಿಗೆ ಬರವಿಲ್ಲ. ಆದರೆ ಬೆನ್ನಿನ ಆಪರೇಷನ್ ಎಂದರೆ ಬಹಳ ಕಾಲ ಮಣಿಪಾಲ, ಇಲ್ಲವೇ 260 ಕಿಲೋಮೀಟರ್ ದೂರದ ಬೆಂಗಳೂರು. ಬೆನ್ನು ಹಿಡಿದುಕೊಂಡು ಅಷ್ಟು ದೂರ ಕಾರಿನಲ್ಲಿ ಹೋಗಿಬರುವುದು ರೋಗಕ್ಕಿಂತ ಕೆಟ್ಟ ಶಿಕ್ಷೆ. ಇವರು ಐದೂವರೆ ವರ್ಷದ ಎಂಬಿಬಿಎಸ್, ಮೂರು ವರ್ಷದ ಮೂಳೆ ವಿಭಾಗದ ಎಂಎಸ್ ಮುಗಿಸಿ, ಬೆನ್ನುಮೂಳೆಗೇ ಮೀಸಲಾದ ಫೆಲೋಶಿಪ್ ಮಾಡಿಕೊಂಡು ಊರಿಗೆ ಬಂದವರು. ಬಂದ ಹೊಸದರಲ್ಲಿ ಬೆನ್ನು ತೋರಿಸಲು ಯಾರೂ ಬರುತ್ತಿರಲಿಲ್ಲವಂತೆ. ಟ್ರ್ಯಾಕ್ಟರ್ ಉರುಳಿದವರ ತೊಡೆಮೂಳೆ, ಅಡಿಕೆ ಮರದಿಂದ ಬಿದ್ದವರ ಮಣಿಕಟ್ಟು, ಬಚ್ಚಲಲ್ಲಿ ಜಾರಿದ ಅಜ್ಜಿಯರ ಸೊಂಟದ ಕೀಲು ಇವನ್ನೇ ವರ್ಷಗಟ್ಟಲೆ ಜೋಡಿಸಿದರು. ಈಗ ಮುರಿತದ ಕೇಸುಗಳನ್ನು ಕಿರಿಯರಿಗೆ ಬಿಟ್ಟು ಬೆನ್ನು, ಕುತ್ತಿಗೆ ಮಾತ್ರ ನೋಡುತ್ತಾರೆ. ಬೆನ್ನಿನ ಆಪರೇಷನ್ ಮಾಡಿಸಿದರೆ ಹಾಸಿಗೆ ಹಿಡಿಯುವುದೇ ಗತಿ ಎಂದು ನಂಬಿದ್ದ ಊರಿನಲ್ಲಿ ಹಾಗೆ ಬಾಳುವುದಕ್ಕೆ ಗುಂಡಿಗೆ ಬೇಕು.

ನನಗೆ ತಕ್ಷಣ ಆಪರೇಷನ್ ಹೇಳಲಿಲ್ಲ. ಕಾಲಿಗೆ ಇಳಿದ ಡಿಸ್ಕ್ ನೋವು ಹೆಚ್ಚಿನವರಲ್ಲಿ ಆರರಿಂದ ಹನ್ನೆರಡು ವಾರಗಳಲ್ಲಿ ತಾನಾಗಿ ತಗ್ಗುತ್ತದೆ, ಹೊರಗೆ ಚಾಚಿದ ಚೂರನ್ನು ದೇಹವೇ ಕರಗಿಸಿಕೊಳ್ಳುತ್ತದೆ ಎಂದು ಮಾತ್ರೆ ಬರೆದರು, ನಡೆಯಲು ಹೇಳಿದರು, ಹಾಸಿಗೆ ಹಿಡಿಯಬೇಡಿ ಎಂದರು. ಜೊತೆಗೆ ಚೀಟಿಯ ಹಿಂಬದಿಯಲ್ಲಿ ಕನ್ನಡದಲ್ಲಿ, ತಮ್ಮ ಕೈಯಿಂದಲೇ, ಕೆಲವು ಸಾಲು ಬರೆದು ಕೊಟ್ಟರು: ಮೂತ್ರ ಕಟ್ಟಿದರೆ ಅಥವಾ ಹಿಡಿತ ತಪ್ಪಿದರೆ, ಸೈಕಲ್ ಸೀಟು ತಾಗುವ ಜಾಗದಲ್ಲಿ ಸ್ಪರ್ಶ ಹೋದರೆ, ಎರಡೂ ಕಾಲು ಸೋತರೆ, ಪಾದ ಎತ್ತಲು ಬಾರದಿದ್ದರೆ, ರಾತ್ರಿ ಎರಡು ಗಂಟೆಯಾದರೂ ಬರಬೇಕು, ಬೆಳಗಾಗಲಿ ಎಂದು ಕಾಯಬಾರದು. ಬೆನ್ನುಹುರಿಯ ತುದಿಯ ನರಗಳ ಗೊಂಚಲು ಅದುಮಿಹೋದಾಗ ಒಂದೊಂದು ಗಂಟೆಯೂ ಲೆಕ್ಕಕ್ಕೆ ಬರುತ್ತದಂತೆ. ಆ ಚೀಟಿಯ ಫೋಟೋವನ್ನು ಎಷ್ಟು ಜನರಿಗೆ ಕಳುಹಿಸಿದ್ದೇನೋ ಲೆಕ್ಕವಿಲ್ಲ.

ನನ್ನ ವಿಷಯದಲ್ಲಿ ಕಾಯುವುದು ಫಲಿಸಲಿಲ್ಲ. ನೋವು ಹಾಗೇ ಇತ್ತು, ಹೆಬ್ಬೆರಳು ಇನ್ನಷ್ಟು ಸೋತಿತು. ಆಗ ಆಪರೇಷನ್ ಎಂದರು, ಸ್ಕ್ರೂ ಇಲ್ಲದೆ. ಮೂಳೆ ಅಲುಗಾಡುತ್ತಿಲ್ಲ, ಬಿಗಿಯುವುದು ಯಾವುದನ್ನು ಎಂದು ಅವರೇ ಕೇಳಿದರು. ಡಿಸ್ಕ್ ಜಾರಿ ನರವನ್ನು ಒತ್ತುತ್ತದೆ, ಚೂರನ್ನು ತೆಗೆದರೆ ಕಾಲುನೋವು ಹೋಗುತ್ತದೆ ಎಂಬುದನ್ನು ಬೋಸ್ಟನ್ನಿನ ಮಿಕ್ಸ್ಟರ್ ಮತ್ತು ಬಾರ್ 1934ರಲ್ಲೇ ಬರೆದಿದ್ದಾರೆ. 1970ರ ದಶಕದ ಕೊನೆಯಿಂದ ಅದನ್ನು ಸೂಕ್ಷ್ಮದರ್ಶಕದ ಕೆಳಗೆ, ಸಣ್ಣ ಗಾಯದಲ್ಲಿ ಮಾಡುವುದು ರೂಢಿಗೆ ಬಂದಿದೆ. ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿಸುವಾಗ ವೈದ್ಯರು ಹೇಳಿದ ಮಾತು ಇದು: 'ಕಾಲಿನ ನೋವಿಗೆ ನಾನು ಹೊಣೆ. ಸೊಂಟದ ನೋವಿಗೆ ನೀವು ಹೊಣೆ. ಜೋಮಿಗೆ ಇಬ್ಬರೂ ಹೊಣೆಯಲ್ಲ, ಅದು ನರದ ಇಷ್ಟ.' ಚೂರು ಮತ್ತೆ ಹೊರಬರುವ ಸಾಧ್ಯತೆಯೂ ಇದೆ ಎಂದು ಆಗಲೇ ಹೇಳಿದರು. ಆಗ ಇದೇನು ನುಣುಚಿಕೊಳ್ಳುವ ಮಾತು ಎಂದು ನನ್ನ ತಮ್ಮ ಗೊಣಗಿದ. ಆದರೆ ನಡೆದದ್ದು ಅಕ್ಷರಶಃ ಹಾಗೆಯೇ. ಎಚ್ಚರವಾದಾಗ ಗಾಯ ಉರಿಯುತ್ತಿತ್ತು, ಕಾಲಿನ ನೋವು ಇರಲಿಲ್ಲ. ಮರುದಿನ ವಾರ್ಡಿನ ಉದ್ದಕ್ಕೂ ನಡೆಸಿದರು. ಹೆಬ್ಬೆರಳಿಗೆ ಬಲ ಬರಲು ತಿಂಗಳುಗಳೇ ಹಿಡಿದವು. ಅದರ ಬುಡದಲ್ಲಿ ಜೋಮು ಇಂದಿಗೂ ಇದೆ, ಚಪ್ಪಲಿ ಜಾರಿದರೂ ತಿಳಿಯುವುದಿಲ್ಲ. ಸೊಂಟನೋವು ಸೀರೆಯ ಸೀಸನ್ ಬಂದಾಗಲೆಲ್ಲ ಬಂದು ಹೋಗುತ್ತದೆ. ಗಾದಿ ತೆಗೆಸಿ ಎತ್ತರದ ಮೇಜು ಹಾಕಿಸಿದ್ದೇನೆ. ಹಳೆಯ ಗಿರಾಕಿಗಳಿಗೆ ಅದು ಇಷ್ಟವಿಲ್ಲ, ಇರಲಿ.

ನನಗಿಂತ ದೊಡ್ಡ ಸಾಕ್ಷಿ ಎಂದರೆ ನಮ್ಮ ಅಂಗಡಿಗೆ ಬೇಲು ಇಳಿಸುತ್ತಿದ್ದ ಹಮಾಲಿ ಹುಡುಗ. ಮೂಟೆ ಹೊರುವವನಿಗೆ ಬೆನ್ನುನೋವು ಬಾರದೆ ಇನ್ನಾರಿಗೆ ಬರುತ್ತದೆ ಎಂದು ಎಲ್ಲರೂ ಇಂಜೆಕ್ಷನ್ ಚುಚ್ಚಿ ಕಳುಹಿಸಿದ್ದರು. ಈ ವೈದ್ಯರು ಕೇಳಿದ ಪ್ರಶ್ನೆಗಳೇ ಬೇರೆ. ರಾತ್ರಿ ಮಲಗಿದಾಗಲೂ ನೋವೇ? ಸಂಜೆ ಮೈ ಬೆಚ್ಚಗಾಗುತ್ತದೆಯೇ? ಪ್ಯಾಂಟು ಸಡಿಲವಾಗಿದೆಯೇ? ಮೂರಕ್ಕೂ ಹೌದು. ಬೆನ್ನಿನ ನಡುವೆ ಒಂದು ಮಣಿಯ ಮೇಲೆ ಬೆರಳಿನಿಂದ ತಟ್ಟಿದಾಗ ಹುಡುಗ ಬೆಚ್ಚಿದ. ಎಂಆರ್‌ಐ ಆಯಿತು, ಸೂಜಿ ಹಾಕಿ ತೆಗೆದ ಮಾದರಿಯನ್ನು ಪರೀಕ್ಷೆಗೆ ಕಳುಹಿಸಿದ್ದಾಯಿತು. ಬೆನ್ನುಮೂಳೆಯ ಕ್ಷಯ. ಕ್ಷಯ ಶ್ವಾಸಕೋಶಕ್ಕೆ ಮಾತ್ರ ಬರುತ್ತದೆ ಎಂದುಕೊಂಡಿದ್ದ ನಮಗೆಲ್ಲ ಅದು ಹೊಸ ಸುದ್ದಿ. ಇಂಗ್ಲೆಂಡಿನ ಪರ್ಸಿವಲ್ ಪಾಟ್ 1779ರಲ್ಲೇ ಈ ಗೂನುಬೆನ್ನಿನ ರೋಗವನ್ನು ವಿವರಿಸಿದ್ದರಿಂದ ವೈದ್ಯರು ಅದನ್ನು ಇಂದಿಗೂ ಆತನ ಹೆಸರಿನಿಂದ ಕರೆಯುತ್ತಾರೆ.

ಇಲ್ಲಿ ಆಪರೇಷನ್ ಮಾಡಿ ಬಿಲ್ ಬೆಳೆಸುವುದಕ್ಕೆ ಎಲ್ಲ ಅವಕಾಶವೂ ಇತ್ತು. ಹುಡುಗನಿಗೂ ನಮಗೂ ಏನು ತಿಳಿಯುತ್ತಿತ್ತು? ಕಾಲಿನ ಬಲ ಸರಿಯಿದೆ, ಬೆನ್ನು ಬಾಗಿಲ್ಲ, ಇದಕ್ಕೆ ಔಷಧಿಯೇ ಚಿಕಿತ್ಸೆ ಎಂದು ಹೇಳಿ ಚಿಗಟೇರಿ ಜಿಲ್ಲಾ ಆಸ್ಪತ್ರೆಗೆ ಪತ್ರ ಬರೆದು ಕಳುಹಿಸಿದರು. ಅಲ್ಲಿ ಕ್ಷಯದ ಮಾತ್ರೆ ಉಚಿತ, ಪೌಷ್ಟಿಕ ಆಹಾರಕ್ಕೆಂದು ನಿಕ್ಷಯ್ ಯೋಜನೆಯ ಹಣವೂ ಖಾತೆಗೆ ಬರುತ್ತದೆ. ಆಗ ತಿಂಗಳಿಗೆ 500 ರೂಪಾಯಿ ಇತ್ತು, 2024ರ ನವೆಂಬರಿನಿಂದ 1000 ಆಗಿದೆ. ವರ್ಷದುದ್ದಕ್ಕೂ ಮಾತ್ರೆ ನುಂಗಬೇಕಾಯಿತು. ನಡುವೆ ಮೈ ಹಗುರಾಯಿತು ಎಂದು ನಿಲ್ಲಿಸಲು ಹೊರಟವನಿಗೆ ವೈದ್ಯರು ನನ್ನೆದುರೇ ಚೆನ್ನಾಗಿ ಬೈದರು. ತಪಾಸಣೆಗೆ ಬಂದಾಗ ಫೀಸು ತೆಗೆದುಕೊಂಡಿಲ್ಲ. ಹುಡುಗ ಈಗ ಭಾರ ಹೊರುವುದಿಲ್ಲ, ಆಟೋ ಓಡಿಸುತ್ತಾನೆ.

ನಮ್ಮ ಅತ್ತೆಯವರನ್ನೂ ತೋರಿಸಿದ್ದೆವು. ಸ್ವಲ್ಪ ದೂರ ನಡೆದರೆ ಎರಡೂ ಕಾಲು ಭಾರವಾಗಿ ಎಲ್ಲಾದರೂ ಬಾಗಿ ಕೂರಬೇಕು, ಕೂತರೆ ಸರಿಹೋಗುತ್ತದೆ. ನರದ ಹಾದಿ ಕಿರಿದಾದರೂ ಹೀಗಾಗುತ್ತದೆ, ಕಾಲಿನ ರಕ್ತನಾಳ ಕಟ್ಟಿದರೂ ಹೀಗಾಗುತ್ತದೆ ಎಂದು ಮೊದಲು ಪಾದದ ನಾಡಿ ಮುಟ್ಟಿ ನೋಡಿದರು. ನಾಡಿ ಚೆನ್ನಾಗಿತ್ತು, ತೊಂದರೆ ಬೆನ್ನಿನದೇ. ಅತ್ತೆಯವರು ಆಪರೇಷನ್ ಬೇಡವೆಂದರು, ವೈದ್ಯರೂ ಒತ್ತಾಯಿಸಲಿಲ್ಲ. ಈಗ ದೇವಸ್ಥಾನದ ದಾರಿಯಲ್ಲಿ ಎರಡು ಕಡೆ ಕೂತು ಹೋಗುತ್ತಾರೆ, ಅದಕ್ಕೆ ಅವರಿಗೆ ಬೇಸರವಿಲ್ಲ.

ಇನ್ನು ಬೈಗುಳ. ಬೆಳಿಗ್ಗೆ ಒಂಬತ್ತಕ್ಕೆ ಟೋಕನ್ ತೆಗೆದುಕೊಂಡರೆ ಒಳಗೆ ಕರೆಯುವುದು ಮಧ್ಯಾಹ್ನ. ಅಲ್ಲಿಯವರೆಗೆ ಕೂರಲು ತೂತುತೂತಿನ ಸ್ಟೀಲ್ ಬೆಂಚು, ಒರಗಲು ಗೋಡೆಯೂ ಸಿಗುವುದಿಲ್ಲ. ಬೆನ್ನು ರೋಗಿಗಳೇ ಬರುವ ಜಾಗದಲ್ಲಿ ಇಂಥ ಬೆಂಚು ಹಾಕಿದವರು ಯಾರೋ, ಅವರನ್ನೇ ಅರ್ಧ ದಿನ ಅದರ ಮೇಲೆ ಕೂರಿಸಬೇಕು. ಕೌಂಟರಿನ ಹುಡುಗಿಯರು ಫೋನ್ ಎತ್ತುವುದಿಲ್ಲ, ಎತ್ತಿದರೂ 'ಬಂದು ಕೇಳಿ' ಎನ್ನುತ್ತಾರೆ. ವಿಮೆಯ ವಿಭಾಗದವರು ನನ್ನ ಕಾಗದವನ್ನು ಎಲ್ಲೋ ಕಳೆದು, ನಗದುರಹಿತ ಚಿಕಿತ್ಸೆ ಎಂದು ಸೇರಿಸಿಕೊಂಡು, ಬಿಡುಗಡೆಯ ದಿನ ಪೂರ್ತಿ ಹಣ ಕಟ್ಟಿಸಿಕೊಂಡರು. ವಿಮಾ ಕಂಪನಿಯಿಂದ ವಾಪಸು ಪಡೆಯಲು ಓಡಾಡಿದ್ದು ಬೆನ್ನಿಗೆ ಒಳ್ಳೆಯದಾಗಲಿಲ್ಲ.

ವೈದ್ಯರ ಮೇಲೆ ನೇರವಾಗಿ ಹೇಳಬೇಕಾದದ್ದೂ ಇದೆ. ಪರೀಕ್ಷಿಸುವಾಗ ಇರುವ ತಾಳ್ಮೆ ವ್ಯಾಯಾಮ ಕಲಿಸುವಾಗ ಇಲ್ಲ. ಆಪರೇಷನ್ ಆದ ಮೇಲೆ ಕೈಗೆ ಬಂದದ್ದು ಮಸುಕಾದ ಇಂಗ್ಲಿಷ್ ಜೆರಾಕ್ಸ್, ಅದರಲ್ಲಿನ ಚಿತ್ರದ ಮನುಷ್ಯ ಬಗ್ಗುತ್ತಿದ್ದಾನೋ ಏಳುತ್ತಿದ್ದಾನೋ ತಿಳಿಯುವುದಿಲ್ಲ. ಅಪಾಯದ ಲಕ್ಷಣಗಳನ್ನು ಕನ್ನಡದಲ್ಲಿ ಬರೆದುಕೊಟ್ಟವರಿಗೆ ಇದನ್ನು ಅಚ್ಚು ಹಾಕಿಸುವುದು ದೊಡ್ಡ ಕೆಲಸವೇ? ಸೊಂಟಕ್ಕೆ ನಾನೇ ಹೊಣೆ ಎಂದ ಮೇಲೆ ಆ ಹೊಣೆಯನ್ನು ಹೊರುವ ರೀತಿಯನ್ನೂ ಕಲಿಸಬೇಕು. ನಾನು ಕಲಿತದ್ದು ಬೇರೆ ಕಡೆಯ ಫಿಸಿಯೋಥೆರಪಿಸ್ಟ್ ಬಳಿ, ಹಣ ಕೊಟ್ಟು. ಇನ್ನೊಂದು, ಅವರು ಸಮ್ಮೇಳನಕ್ಕೆ ಹೋದರೆ ಆ ವಿಭಾಗ ಅನಾಥ. ರಾತ್ರಿ ಎರಡಕ್ಕೆ ಬನ್ನಿ ಎನ್ನುವುದು ಸರಿ, ಬಂದಾಗ ಅವರ ಬದಲು ಯಾರು ನೋಡುತ್ತಾರೆ ಎಂಬುದನ್ನೂ ಚೀಟಿಯಲ್ಲಿ ಬರೆಯಲಿ.

ಒಟ್ಟು ಐದರಲ್ಲಿ ನಾಲ್ಕು. ಆ ಒಂದು ಹೋದದ್ದು ಬೆಂಚಿಗೆ, ಕೌಂಟರಿಗೆ ಮತ್ತು ಜೆರಾಕ್ಸಿಗೆ. ನೋವು ಪೂರ್ತಿ ಮಾಯವಾಗಬೇಕು, ಮಾತಿನಲ್ಲೇ ಅರ್ಧ ಗುಣವಾಗಬೇಕು ಎನ್ನುವವರಿಗೆ ಇವರು ಹಿಡಿಸುವುದಿಲ್ಲ. ಸ್ಕ್ರೂ ಹಾಕಬೇಕೆಂದು ಬೇರೆಲ್ಲಾದರೂ ಹೇಳಿದ್ದು ಎರಡನೆಯ ಅಭಿಪ್ರಾಯ ಬೇಕಾದವರು ಖಂಡಿತ ಇಂಥವರ ಬಳಿ ಹೋಗಿ. ಹೋಗುವಾಗ ರಿಪೋರ್ಟಿನ ಕಾಗದ ಮಾತ್ರವಲ್ಲ, ಫಿಲ್ಮನ್ನೂ ಒಯ್ಯಿರಿ. ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದ ಬಗ್ಗೆ ಸೇರುವ ಮೊದಲೇ ವಿಚಾರಿಸಿ. ತುರ್ತಲ್ಲದ ಚಿಕಿತ್ಸೆಗೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಬೇಕು, ಆಪರೇಷನ್ ಆದ ಮೇಲೆ ಅದಕ್ಕೆ ಓಡಾಡಿದರೆ ಪ್ರಯೋಜನವಿಲ್ಲ. ಕೂರಲು ಒಂದು ದಿಂಬನ್ನೂ ಮನೆಯಿಂದಲೇ ತೆಗೆದುಕೊಂಡು ಹೋಗಿ.