ವಿಲ್‌ಗೆ ಪ್ರೊಬೇಟ್ ಕಡ್ಡಾಯ ಅಂತ ಹೆದರಿಸಿ ದುಡ್ಡು ಕೀಳುತ್ತಾರೆ, ಹುಷಾರು

ಮೈಸೂರಿನಲ್ಲಿರುವ ಮನೆಯನ್ನು ಅಮ್ಮನ ಹೆಸರಿಗೆ ಅಪ್ಪ ವಿಲ್ ಬರೆದು, ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ರಿಜಿಸ್ಟರ್ ಕೂಡ ಮಾಡಿಸಿದ್ದರು. ನನ್ನದಾಗಲಿ ತಮ್ಮನದಾಗಲಿ ತಕರಾರು ಇಲ್ಲವೇ ಇಲ್ಲ. ಇಷ್ಟು ಸಲೀಸಾದ ಕೆಲಸಕ್ಕೆ ಒಬ್ಬ ಕನ್ಸಲ್ಟೆಂಟ್ ನಮ್ಮಿಂದ 40,000 ರೂಪಾಯಿ ಮುಂಗಡ ಕಿತ್ತುಕೊಂಡಿದ್ದಾನೆ. ಹೊಟ್ಟೆ ಉರಿಯುತ್ತಿದೆ.

ಅವನು ಬಾಯಿ ಬಿಟ್ಟಿದ್ದೇ ಹೀಗೆ: "ಮೇಡಂ, ಕೋರ್ಟಿನಿಂದ ಪ್ರೊಬೇಟ್ ತರದಿದ್ರೆ ಈ ವಿಲ್ ಬರೀ ಕಾಗದ. ಖಾತೆ ಆಗೋದೇ ಇಲ್ಲ." ಪ್ರೊಬೇಟ್ ಅಂದರೆ ವಿಲ್ ಅಸಲಿ ಅಂತ ಕೋರ್ಟ್ ಕೊಡುವ ದೃಢೀಕರಣ. ಅಮ್ಮ ಪಕ್ಕದಲ್ಲೇ ಕೂತಿದ್ದರು. ಅಪ್ಪ ಹೋಗಿ ಇನ್ನೂ ವರ್ಷ ತುಂಬಿರಲಿಲ್ಲ. "ಬರೀ ಕಾಗದ" ಅಂದಾಗ ಅವರ ಮುಖ ನೋಡಬೇಕಿತ್ತು. ದುಡ್ಡು ಕೊಟ್ಟೆವು.

ಆಮೇಲೆ ಫೋನ್ ಮಾಡಿದಾಗಲೆಲ್ಲ "ಫೈಲ್ ಮೂವ್ ಆಗ್ತಿದೆ." ಕೇಸ್ ನಂಬರ್ ಕೊಡಿ ಅಂದರೆ "ಇನ್ನೂ ನಂಬರ್ ಬಿದ್ದಿಲ್ಲ." ಮತ್ತೆ ಕೇಳಿದರೆ ಕೋರ್ಟಿಗೆ ರಜೆ. ಮತ್ತೆ ಅದೇ, ಮೂವ್ ಆಗ್ತಿದೆ.

ಮನೆ ಕಂದಾಯ ಕಟ್ಟಲು ಪಾಲಿಕೆ ಕಚೇರಿಗೆ ಹೋದಾಗ ವಿಷಯ ಹೊರಬಿತ್ತು. ಗುಮಾಸ್ತರು ವಿಲ್ಲಿನ ಕೊನೇ ಪುಟ ತಿರುಗಿಸಿದರು. ಅಪ್ಪನ ಸಹಿ, ಕೆಳಗೆ ಇಬ್ಬರು ಸಾಕ್ಷಿಗಳ ಸಹಿ, ಒಂದೊಂದರ ಮೇಲೂ ಬೆರಳಿಟ್ಟು ನೋಡಿದರು. "ಪ್ರೊಬೇಟ್ ಯಾರಮ್ಮ ಕೇಳಿದ್ದು? ನಾವಂತೂ ಕೇಳಿಲ್ಲ. ಡೆತ್ ಸರ್ಟಿಫಿಕೇಟು, ವಂಶವೃಕ್ಷ ತಂದು ಅರ್ಜಿ ಕೊಡಿ." ಹಿಂದೆ ಸಾಲಿನಲ್ಲಿ ನಿಂತವರೆಲ್ಲ ಕೇಳಿಸಿಕೊಂಡರು. ನಾಚಿಕೆಯಿಂದ ಮುಖ ಬಿಸಿಯಾಯಿತು. ನಾಚಿಕೆ ಆಗಬೇಕಾದ್ದು ಅವನಿಗೆ, ಅಲ್ವಾ?

1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯ 213ನೇ ಸೆಕ್ಷನ್ ಹಿಂದೂಗಳ ವಿಲ್‌ಗೆ ಪ್ರೊಬೇಟ್ ಬೇಕೆಂದು ಹೇಳುತ್ತಿದ್ದದ್ದು ಬಾಂಬೆ, ಮದ್ರಾಸ್, ಕಲ್ಕತ್ತಾ ಹೈಕೋರ್ಟ್‌ಗಳ ವ್ಯಾಪ್ತಿಯ ವಿಚಾರಕ್ಕೆ; ಆ ಸೆಕ್ಷನ್ನನ್ನೇ 2025ರಲ್ಲಿ ತೆಗೆದುಹಾಕಿದ್ದಾರೆ. ಮೈಸೂರಿನಲ್ಲಿ ಬರೆದು, ಮೈಸೂರಿನಲ್ಲೇ ಮನೆ ಇರುವ ನಮಗೆ ಅದು ಮೊದಲೂ ಕಡ್ಡಾಯ ಆಗಿರಲಿಲ್ಲ. ಮುಂಬೈ ಕಥೆ ತಂದು ಇಲ್ಲಿ ಮಾರಿದ್ದಾನೆ.

ದುಡ್ಡು ವಾಪಸ್ ಕೇಳಿದೆ. "ಅದು ಕನ್ಸಲ್ಟೇಷನ್ ಫೀಸು ಮೇಡಂ, ವಾಪಸ್ ಬರಲ್ಲ. ನಾಳೆ ಯಾರಾದ್ರೂ ಕೇಸ್ ಹಾಕಿದ್ರೆ ನೀವೇ ನನ್ನ ಹತ್ರ ಬರ್ತೀರಿ." ಕನ್ಸಲ್ಟೇಷನ್ ಅಂತೆ! ಅಷ್ಟಕ್ಕೇ ನಿಲ್ಲಿಸಲಿಲ್ಲ. "ಮುಂದೆ ಈ ತಾಪತ್ರಯವೇ ಬೇಡ ಅಂದ್ರೆ ಅಮ್ಮನ ಕೈಲಿ ಈಗ್ಲೇ ಗಿಫ್ಟ್ ಡೀಡ್ ಮಾಡಿಸಿಬಿಡಿ, ನಾನೇ ಮಾಡಿಸಿಕೊಡ್ತೀನಿ" ಅಂದ. ಅಮ್ಮನಿಗೆ ಕೇಳಿಸುವ ಹಾಗೆ!

ಗಿಫ್ಟ್ ಡೀಡ್ ಅಂದರೆ ದಾನಪತ್ರ. ಅದು ರಿಜಿಸ್ಟರ್ ಆದರೆ ಮನೆ ಅವತ್ತೇ ಅಮ್ಮನ ಕೈ ತಪ್ಪುತ್ತದೆ. ವಿಲ್ ಹಾಗಲ್ಲ, ಬದುಕಿರುವ ತನಕ ಬದಲಾಯಿಸಬಹುದು. ಮಕ್ಕಳು ನೋಡಿಕೊಳ್ಳದಿದ್ದರೆ 2007ರ ಹಿರಿಯ ನಾಗರಿಕರ ಕಾಯ್ದೆಯಲ್ಲಿ ದಾನಪತ್ರ ರದ್ದು ಮಾಡಿಸಲು ದಾರಿ ಇದೆ. ಆದರೆ ನೋಡಿಕೊಳ್ಳಬೇಕು ಅನ್ನುವ ಷರತ್ತು ಪತ್ರದಲ್ಲಿ ಇಲ್ಲದಿದ್ದರೆ ಆ ವಯಸ್ಸಿನಲ್ಲಿ ಎಷ್ಟು ಅಲೆಯಬೇಕೋ. ಇದನ್ನೆಲ್ಲ ಅವನು ಹೇಳಿದನಾ? ಒಂದು ಮಾತೂ ಇಲ್ಲ.

ದಯವಿಟ್ಟು, ಪ್ರೊಬೇಟ್ ಅಂತ ಯಾರಾದರೂ ಅಂದರೆ ಯಾವ ಸೆಕ್ಷನ್, ನಮಗ್ಯಾಕೆ ಅನ್ವಯಿಸುತ್ತೆ ಅಂತ ಬರವಣಿಗೆಯಲ್ಲಿ ಕೇಳಿ. ಮೊದಲು ಖಾತೆ ಮಾಡುವ ಕಚೇರಿಗೇ ಹೋಗಿ ವಿಚಾರಿಸಿ. ಕೇಸ್ ನಂಬರ್ ಕೈಗೆ ಬರದೆ ಎರಡನೇ ಕಂತು ಕೊಡಲೇಬೇಡಿ. ಮನೆಯಲ್ಲಿ ಜಗಳ ಇದ್ದರೆ ಕೋರ್ಟಿಗೆ ಹೋಗಬೇಕಾಗಬಹುದು, ಅದು ಬೇರೆ ಮಾತು.

ನಮ್ಮ ಮುಂಗಡ ಇನ್ನೂ ಬಂದಿಲ್ಲ. ವಕೀಲರ ಕೈಲಿ ನೋಟಿಸ್ ಕಳಿಸಿದ್ದೇವೆ. ಅದಕ್ಕೂ ಉತ್ತರ ಇಲ್ಲ.